ಸ್ಟೇಶನ್ನಿನ ಮುಂದೆ ಹನ್ನೊಂದು ಗಂಟೆಗೆ

ಇಲ್ಲಿ ಬರೆಯುವುದರಲ್ಲಿ ಕೆಲವು ವಿವರ ತಪ್ಪಿರಬಹುದು. ನನಗೆ ಆಗ ಒಂಬತ್ತೋ ಹತ್ತೋ ವರ್ಷ, ಖಚಿತವಿಲ್ಲ. ಗಾಡಿಯಲ್ಲಿ ಅಪ್ಪನ ಪಕ್ಕ ಕೂತಿದ್ದೆ ಎಂದು ನೆನಪು ಹೇಳುತ್ತದೆ. ಆದರೆ ಅಪ್ಪನ ಬೆನ್ನೂ ಕಣ್ಣಿಗೆ ಕಟ್ಟಿದಂತಿದೆ. ಪಕ್ಕ ಕೂತವಳಿಗೆ ಬೆನ್ನು ಹೇಗೆ ಕಂಡಿತು?

ಗೋಕಾಕದಲ್ಲಿ ಅಪ್ಪನದು ಹತ್ತಿಯ ವ್ಯಾಪಾರ. ಹುಕ್ಕೇರಿಯಲ್ಲಿ ಅಕ್ಕನ ಮಾವನವರು ಅವನ ಪಾಲುದಾರರು. ಇಬ್ಬರೂ ಸೇರಿ ಮೂಡಲಗಿಯ ಕಡೆ ಹತ್ತಿ ಹಿಡಿಯುತ್ತಿದ್ದರು, ಅಂದರೆ ರೈತರಿಂದ ಸಗಟಾಗಿ ಕೊಳ್ಳುತ್ತಿದ್ದರು. ಸುಗ್ಗಿಯಲ್ಲಿ ತಿಂಗಳಿಗೊಮ್ಮೆಯಾದರೂ ಎದುರು ಕೂತು ಮಾತಾಡಲೇಬೇಕು. ಬೀಗರ ಮನೆಗೆ ವ್ಯಾಪಾರದ ಮಾತಿಗೆ ಹೋಗಬಾರದೆಂಬುದು ಅಪ್ಪನ ನಿಯಮವಾಗಿತ್ತು. ಹಾಗಾಗಿ ಎರಡೂ ಊರಿನ ನಡುವಿನ ರೈಲು ಸ್ಟೇಶನ್ನಿನ ಎದುರು, ಚಹಾದ ಅಂಗಡಿಯಲ್ಲಿ ಭೇಟಿ. ದಿನ ಗೊತ್ತು ಮಾಡುವುದೇ ದೊಡ್ಡ ಕೆಲಸ. ಸೋಮವಾರ ನಾವು ಎತ್ತು ಹೂಡುವುದಿಲ್ಲ. ನಮ್ಮ ಸಂತೆಯ ದಿನ ನಮಗಾಗದು, ಅವರ ಸಂತೆಯ ದಿನ ಅವರಿಗಾಗದು. ಅಮಾವಾಸ್ಯೆ ಇಬ್ಬರಿಗೂ ಬೇಡ. ಒಂದು ಭೇಟಿಗೆ ಮೂರು ನಾಲ್ಕು ಅಂಚೆ ಕಾರ್ಡು ಓಡಾಡುತ್ತಿದ್ದವು.

ಆ ಕಾರ್ಡುಗಳನ್ನು ಓದುವವಳು, ಬರೆಯುವವಳು ನಾನೇ. ಅಪ್ಪನಿಗೆ ಅಂಗಡಿಯ ಲೆಕ್ಕ ಬರೆಯುವ ಮರಾಠಿ ಮೋಡಿ ಲಿಪಿ ಸಲೀಸು, ಕನ್ನಡ ಓದುವಾಗ ತಡವರಿಸುತ್ತಿದ್ದ. ಎರಡನೆಯ ಮಹಾಯುದ್ಧ ಬಂದ ಮೇಲೆ ನನ್ನ ಕೆಲಸ ಇನ್ನೂ ಹೆಚ್ಚಿತು. ಸರಕಾರ ಗಡಿಯಾರವನ್ನು ಒಂದು ತಾಸು ಮುಂದೆ ಹಾಕಿತ್ತು. ಸ್ಟೇಶನ್ನು, ಕಚೇರಿ, ಗಿರಣಿಯ ಕೂಗುವ ಭೋಂಗಾ ಎಲ್ಲವೂ ಹೊಸ ಟೈಮಿಗೆ ಹೊಂದಿಕೊಂಡವು. ನಮ್ಮ ಅಂಗಡಿಯ ಗಡಿಯಾರ ಮಾತ್ರ ಹಳೆಯದರಲ್ಲೇ ಉಳಿಯಿತು.

“ಸರಕಾರ ಹೇಳಿದ್ರ ಸೂರ್ಯ ಲಗೂ ಏಳ್ತಾನೇನು?” ಎನ್ನುತ್ತಿದ್ದ ಅಪ್ಪ.

“ಸೂರ್ಯ ಏಳೂದಿಲ್ಲರಿ, ಆದ್ರ ಗಿರಾಕಿ ಎದ್ದು ಬಾಜೂದ ಅಂಗಡಿಗೆ ಹೋಗ್ತಾರ” ಎಂದು ಅವ್ವ ಒಳಗಿನಿಂದ ಕುಟುಕುತ್ತಿದ್ದಳು.

ಮಾವನವರು ಹೊಸ ಟೈಮಿನಲ್ಲಿ ಬರೆಯುವರು. ನಾನು ಒಂದು ತಾಸು ಕಳೆದು ಅಪ್ಪನಿಗೆ ಓದಿ ಹೇಳಬೇಕು. ಅವರು ಬರುವ ಮೋಟಾರು ಬಸ್ಸು ಪೆಟ್ರೋಲಿಲ್ಲದೆ ಇದ್ದಲಿನ ಗ್ಯಾಸಿನ ಮೇಲೆ ಓಡುತ್ತಿತ್ತು. ಇದ್ದಲು ಸಿಕ್ಕ ಹಾಗೆ ಅದರ ಹೊತ್ತೂ ಬದಲಾಗುತ್ತಿದ್ದುದರಿಂದ ಪ್ರತಿ ಸಲವೂ ಹೊಸದಾಗಿ ಲೆಕ್ಕ ಹಾಕಬೇಕಿತ್ತು. ಸ್ಟೇಶನ್ನಿನ ಮುಂದೆ ಅದು ಒಂದು ತಾಸು ನಿಂತು ಹುಕ್ಕೇರಿಗೆ ಮರಳುತ್ತಿತ್ತು.

ಆ ಒಂದು ತಾಸಿಗಾಗಿ ನಾನು ದಿನ ಎಣಿಸುತ್ತಿದ್ದೆ. ಅಕ್ಕನ ಅತ್ತೆ ಹಾಸಿಗೆ ಹಿಡಿದಿದ್ದರು. ಪಂಚಮಿಗೂ ಅಕ್ಕನನ್ನು ತವರಿಗೆ ಕಳಿಸಿರಲಿಲ್ಲ. ಯಾವಾಗಲಾದರೊಮ್ಮೆ ಮಾವನವರು ಅವಳನ್ನು ಜೊತೆಗೆ ಕರೆತರುತ್ತಿದ್ದರು. ಗಂಡಸರು ಅರಳೆಯ ಮಾತಾಡುವಾಗ ಅವಳು ಅಂಗಡಿಯ ಹಿಂದಿನ ಕಲ್ಲಿನ ಮೇಲೆ ಕೂತು, ಅವ್ವ ಹಾಕಿದ ನನ್ನ ಜಡೆ ಬಿಚ್ಚಿ ಮತ್ತೆ ಹಾಕುತ್ತಿದ್ದಳು. “ಅವ್ವ ಸಡ್ಲ ಹಾಕ್ತಾಳ” ಎನ್ನುತ್ತಿದ್ದಳು. ತಲೆ ನೋಯುವಷ್ಟು ಬಿಗಿಯಾಗಿ ಹಾಕುತ್ತಿದ್ದಳು. ರಾತ್ರಿ ಅವ್ವ ಅದನ್ನು ಬಿಚ್ಚಲು ಬಂದರೆ ನಾನು ಬಿಡುತ್ತಿರಲಿಲ್ಲ.

ಒಂದು ದಿನ ಬಂದ ಕಾರ್ಡಿನಲ್ಲಿ, ಆದರೆ ಸೊಸೆಯನ್ನೂ ಕರೆತರುತ್ತೇವೆ ಎಂದಿತ್ತು. ‘ಆದರೆ’, ಅಂದರೆ ಸಾಧ್ಯವಾದರೆ, ಎಂದಿದ್ದು ಚೆನ್ನಾಗಿ ನೆನಪಿದೆ.

“ಎಷ್ಟಕ್ಕ ಬರ್ತಾರಂತ ಬೀಗರು?” ಅಪ್ಪ ಕೇಳಿದ.

“ಹನ್ನೊಂದಕ್ಕ, ಅಪ್ಪಾ.”

“ಕಳದು ಹೇಳಾಕತ್ತೀಯಲ್ಲ?”

“ಹೂಂ.”

ಕಳೆದಿದ್ದೆನೇ? ಆ ‘ಹೂಂ’ ಇಂದಿಗೂ ಕೇಳಿಸುತ್ತದೆ, ಅದರ ಹಿಂದಿನ ಲೆಕ್ಕ ಮಾತ್ರ ನೆನಪಿಲ್ಲ. ಬಹುಶಃ ಅಕ್ಕ ಬರುತ್ತಾಳೆ ಎಂಬುದನ್ನು ಓದಿದ ಮೇಲೆ ಬೇರೇನೂ ತಲೆಗೆ ಹೋಗಲಿಲ್ಲ. ಬಹುಶಃ ಮಾವನವರೇ ತಪ್ಪು ಬರೆದಿದ್ದರು. ಕಾರ್ಡು ಉಳಿದಿಲ್ಲ. ಅದು ಉಳಿದಿಲ್ಲವೆಂಬ ಧೈರ್ಯದಿಂದಲೇ ನಾನು ಈ ಎರಡನೆಯ ಮಾತನ್ನು ಬರೆಯುತ್ತಿದ್ದೇನೋ ಏನೋ.

ಅವ್ವ ಶೇಂಗಾ ಹೋಳಿಗೆ ಕಟ್ಟಿಕೊಟ್ಟಳು. ನಮ್ಮ ಗಡಿಯಾರದ ಹನ್ನೊಂದಕ್ಕೆ ಸರಿಯಾಗಿ ತಲುಪಿದೆವು. “ನೋಡ್, ಹೇಳಿದ ಟೈಮಿಗೆ ಬಂದೇವಿ” ಎಂದು ಅಪ್ಪ ಖುಷಿಯಿಂದಲೇ ಇಳಿದ. ಸ್ಟೇಶನ್ನಿನ ಗಡಿಯಾರದಲ್ಲಿ ಹನ್ನೆರಡು ದಾಟಿತ್ತು. ಹುಕ್ಕೇರಿಯ ದಾರಿಯಲ್ಲಿ ಧೂಳು ಇನ್ನೂ ಇಳಿದಿರಲಿಲ್ಲ.

“ಏನ್ರಿ ಸಾವ್ಕಾರ್ರ, ಈಗ ಬಂದ್ರೇನು?” ಎಂದ ಚಹಾದವನು. “ನಿಮ್ಮ ಬೀಗರು ಎರಡ ಕಪ್ ಚಹಾ ಕುಡದು, ನಿಮ್ಮನ್ನೂ ಒಂದೀಟ ಬೈದು ಹೋದ್ರು.”

“ಅವರ ಜೋಡಿ ಯಾರರ ಇದ್ರೇನು?” ಅಪ್ಪ ಕೇಳಿದ.

“ಹೆಣಮಗಳೊಬ್ಬಾಕಿ ಮೋಟಾರದಾಗ ಕುಂತಿದ್ಲರಿ. ಮಾರಿ ತುಂಬ ಸೆರಗ ಹೊಚ್ಚಿದ್ಲು. ಇಳೀಲೇ ಇಲ್ಲ. ನಿಮ್ಮಾಕಿನೋ, ಮತ್ತ್ಯಾರಾಕಿನೋ.”

ಅಪ್ಪ ನನ್ನ ಕಡೆ ನೋಡಲಿಲ್ಲ. ಬೈಯಲೂ ಇಲ್ಲ. ಹೋಳಿಗೆಯ ಗಂಟನ್ನು ಚಹಾದವನ ಕೈಗೆ ಕೊಟ್ಟು ಎತ್ತು ತಿರುಗಿಸಿದ. ನಾನು ಆ ಧೂಳನ್ನೇ ನೋಡುತ್ತ ಕೂತೆ. ಬೈದಿದ್ದರೆ ಅಳಬಹುದಿತ್ತು.

ಮುಂದೆ ಸ್ಟೇಶನ್ನಿನ ಭೇಟಿಗಳು ನಿಂತವು. ಈ ಟೈಮಿನ ಗೊಂದಲವೇ ಬೇಡವೆಂದು ಮಾವನವರು ಬರೆದರು. ಇನ್ನು ಮೂಡಲಗಿಯಲ್ಲಿ, ಹತ್ತಿ ಹಿಡಿಯುವ ದಿನವೇ, ಹೊತ್ತು ಏರಿದ ಮೇಲೆ ಯಾವಾಗ ಬಂದರೂ ನಡೆಯುತ್ತದೆ ಎಂದರು. ವ್ಯಾಪಾರಕ್ಕೆ ಅದು ಒಳ್ಳೆಯದೇ ಆಯಿತು. ಹತ್ತಿ ಹಿಡಿಯುವ ಕಡೆ ಹೆಂಗಸರಿಗೆ ಕೆಲಸವಿರಲಿಲ್ಲ. ಅಕ್ಕನನ್ನು ಮತ್ತೆ ಕಾಣಲು ಎರಡು ವರ್ಷ ಹಿಡಿಯಿತು. ಆಗ ಅವಳ ಕಂಕುಳಲ್ಲಿ ಕೂಸಿತ್ತು. ನನ್ನ ಜಡೆ ಹಾಕಲು ಅವಳ ಕೈಗೆ ಬಿಡುವಿರಲಿಲ್ಲ.

ಕಾಲೇಜಿನಲ್ಲಿ ಭೂಗೋಳದ ಪಾಠದಲ್ಲಿ ರೇಖಾಂಶದ ಲೆಕ್ಕ ಬಂದಾಗ ಗೋಕಾಕ ಮತ್ತು ಹುಕ್ಕೇರಿಯ ಸೂರ್ಯನಿಗೆ ಎಷ್ಟು ಅಂತರವೆಂದು ಹಾಳೆಯ ಅಂಚಿನಲ್ಲಿ ಲೆಕ್ಕ ಹಾಕಿದ್ದೆ. ಎರಡು ನಿಮಿಷವೂ ಬರಲಿಲ್ಲ. ಅಂದು ನಾನು ಪಾಠದ ಉಳಿದ ಭಾಗವನ್ನು ಬರೆದುಕೊಳ್ಳಲಿಲ್ಲ.

ಹೋದ ಬೇಸಿಗೆ ಹುಕ್ಕೇರಿಗೆ ಹೋದಾಗ, ಅಕ್ಕ ಜಗಲಿಯ ಮೇಲೆ ಅಕ್ಕಿ ಆರಿಸುತ್ತ ಕೂತಿದ್ದಳು. ಕೇಳಿಬಿಟ್ಟೆ. ಅವಳ ಬೆರಳು ನಿಂತವು. ಕಲ್ಲೊಂದನ್ನು ಆರಿಸಿ ಅಂಗಳಕ್ಕೆ ಎಸೆದಳು, ಮತ್ತೆ ಅಕ್ಕಿಯ ಕಡೆ ಬಗ್ಗಿದಳು. ನಾನು ಹೊರಡುವವರೆಗೂ ಆ ಮಾತು ಎತ್ತಲಿಲ್ಲ, ಅನಂತರ ಬಂದ ಕಾಗದಗಳಲ್ಲೂ ಇಲ್ಲ. ನಾನು ಕೇಳಿದ್ದು ಇಷ್ಟೇ:

“ಅಕ್ಕಾ, ಅವತ್ತ ಮೋಟಾರದಾಗ ಸೆರಗ ಹೊಚ್ಚಿಕೊಂಡು ಕುಂತಾಕಿ ನೀನ ಇದ್ದೇನ?”