ನಮ್ಮ ಶಾಂತ ಬಡಾವಣೆ

ತಮಿಳುನಾಡಿನ ಚಿನ್ನಾಳಪಟ್ಟಿಯ ಪಕ್ಕದ ಈ ಬಡಾವಣೆ ಬಹಳ ಶಾಂತ ಎಂದು ನನಗೆ ಮನೆ ಮಾರಿದವರು ಹೇಳಿದ್ದು ಸುಳ್ಳಲ್ಲ. ಬೆಳಗಾದರೆ ಇಲ್ಲಿ ಯಾರೂ ಇರುವುದಿಲ್ಲ. ಎಲ್ಲರೂ ಕೆಲಸಕ್ಕೆ ಹೋಗುವ ಮಧುರೆ ಬಸ್ಸಿನಲ್ಲಿರುತ್ತೇವೆ.

ಒಂದು ಭಾನುವಾರ ತಟ್ಟೆಯಲ್ಲಿ ವೀಳ್ಯದೆಲೆ, ಮದುವೆ ಪತ್ರಿಕೆ ಇಟ್ಟುಕೊಂಡು ಒಬ್ಬರು ಬಂದರು. ನಮ್ಮ ಮನೆಮಾತಾದ ಕನ್ನಡದಲ್ಲೇ, "ಮಗಳ ಮದುವೆ. ಕಂಡಿಪ್ಪಾ, ತಪ್ಪದೆ ಮನೇರೆಲ್ಲ ಬರ್ಬೇಕು," ಎಂದರು.

ನಮ್ಮವರೇ ಎಂದು ಖುಷಿಯಾಗಿ, "ಯಾವೂರಿಂದ ಬಂದ್ರಿ ಅಣ್ಣಾ?" ಎಂದು ಕೇಳಿದೆ.

"ಎದುರು ಮನೆ," ಎಂದರು, ಮುಖ ಸಣ್ಣದು ಮಾಡಿಕೊಂಡು.

ನಾಚಿಕೆಯಾಗಿ ಅವರನ್ನು ಕೂರಿಸಿ, ಕಾಫಿ ತರಲು ಒಳಗೆ ಹೋದೆ. ಬರುವಷ್ಟರಲ್ಲಿ ಫ್ಯಾನಿನ ಗಾಳಿಗೆ ಅವರಿಗೆ ಜೊಂಪು ಹತ್ತಿತ್ತು. ಬಾಯಿ ತೆರೆದಿತ್ತು, ತಲೆ ಎಡಕ್ಕೆ ವಾಲಿತ್ತು.

ಆಗ ಗುರುತು ಸಿಕ್ಕಿತು. ವರ್ಷಗಳಿಂದ ದಿನಾ ಬೆಳಿಗ್ಗೆ ಬಸ್ಸಿನಲ್ಲಿ ನನ್ನ ಭುಜದ ಮೇಲೆ ನಿದ್ದೆ ಹೋಗುವ ತಲೆ ಅದು.