ಮೂರನೇ ಆಲ್ಬಂ ಕೇಳಿದೆವು

ಗೆಳೆಯರೇ, ನಮ್ಮೂರ ಬ್ಯಾಂಡಿನ ಹೊಸ ಆಲ್ಬಂ ಇನ್ನೂ ಮಾರಾಟಕ್ಕೆ ಬಂದಿಲ್ಲ. ಆದರೂ ಇಂದು ಮಧ್ಯಾಹ್ನ ನಾನೂ ನನ್ನ ಗೆಳೆಯ ಪಂಪಾಪತಿಯೂ ಅದನ್ನು ಕೇಳಿದೆವು.

ಹೊಸಪೇಟೆಯ ಸಿ.ಡಿ. ಅಂಗಡಿಯಲ್ಲಿ ನಮ್ಮಿಬ್ಬರದು ಎಂದಿನ ಜಗಳ ನಡೆದಿತ್ತು. "ಮೊದಲನೇ ಆಲ್ಬಂನಾಗ ಜೀವ ಐತಲೇ. ಡ್ಯಾಂ ಕ್ವಾರ್ಟರ್ಸ್‌ನ ಮನ್ಯಾಗ ರೆಕಾರ್ಡ್ ಮಾಡ್ಯಾರ, ಕುಕ್ಕರ್ ಸೀಟಿನೂ ಕೇಳಸ್ತೈತಿ. ಎರಡನೇದು ಬರೇ ಪಾಲಿಶ್," ಎಂದ ಪಂಪಾಪತಿ. ನನಗೆ ಎರಡನೆಯದೇ ಇಷ್ಟ.

ಅಷ್ಟರಲ್ಲಿ ಬ್ಯಾಂಡಿನ ಗಾಯಕರೇ ಒಳಗೆ ಬಂದರು. ನಮ್ಮ ಗದ್ದಲ ಕೇಳಿ ಖುಷಿಯಾಗಿ, ಚೀಲದಿಂದ ಹೊಸ ಸಿ.ಡಿ. ತೆಗೆದು ಅಂಗಡಿಯ ಪ್ಲೇಯರಿಗೆ ಹಾಕಿದರು. "ಕೇಳ್ರಿ, ಹೆಂಗೈತಿ ಹೇಳ್ರಿ."

ಮೊದಲ ಹಾಡು ಮುಗಿಯುವ ಮುಂಚೆಯೇ ಪಂಪಾಪತಿ ಕೇಳಿದ: "ಡ್ರಮ್ ಎಲ್ಲೈತ್ರಿ?"

"ಕೀಬೋರ್ಡ್‌ನಾಗ ಹಾಕೀವ್ರಿ. ನಮ್ಮ ಡ್ರಮ್ಮರ್ ಟಿಪ್ಪರ್ ಲಾರಿ ತಗೊಂಡಾನ, ಸಂಡೂರ ಗಣಿಯಿಂದ ಅದಿರು ಹೊಡೀತಾನ. ಪ್ರಾಕ್ಟೀಸಿಗೆ ಬಾ ಅಂದ್ರ ಲೋಡ್ ಐತಿ ಅಂತಾನ."

ಪಂಪಾಪತಿ ಹಾಡನ್ನು ಕೊನೆಯವರೆಗೂ ಕೇಳಿದ. ಆಮೇಲೆ, "ಎರಡನೇ ಆಲ್ಬಂ ಭಾಳ ಚೊಲೋ ಇತ್ರಿ," ಎಂದ.

ಗಾಯಕರು ನಕ್ಕು ಸಿ.ಡಿ. ಹೊರತೆಗೆದರು. "ಅದು ಬಂದಾಗ ಹಿಂಗ ಯಾರೂ ಅನ್ನಲಿಲ್ಲ ನೋಡ್ರಿ."

ಅಂತೂ ವಾದದಲ್ಲಿ ನಾನು ಗೆದ್ದೆ. ಹೊಸ ಆಲ್ಬಮ್ಮಿನಿಂದ ಸದ್ಯಕ್ಕೆ ಆಗಿರುವ ಉಪಕಾರ ಇಷ್ಟೇ.