ಹೊಳೆವ್ವನ ಮುಷ್ಟಿಯಲ್ಲಿ ಜೋಳದ ಕಾಳು

"ಇಲ್ಲೆ ಬಿಚ್ಚಬ್ಯಾಡ. ಮುಷ್ಟಿ ನನ್ನ ಕೈಯಾಗ ಇಡು."

ಶಮೀಮ ಮುಷ್ಟಿ ಇಡುತ್ತಾಳೆ. ಹೊಳೆವ್ವ ಅದರ ಕೆಳಗೆ ಅಂಗೈ ಒಡ್ಡಿ, ಮೇಲೆ ಸೆರಗು ಮುಚ್ಚಿ, ಹೆಬ್ಬೆರಳಿನಿಂದ ಒಂದೊಂದೇ ಕಾಳು ಸರಿಸಿ ಎಣಿಸುತ್ತಾಳೆ. ಜೋಳದ ಕಾಳು. ಎಂಟು. ಹಳೇ ಹುಬ್ಬಳ್ಳಿಯ ಓಣಿಯಲ್ಲಿ ಇನ್ನೂ ಪೂರ್ತಿ ಬೆಳಕಾಗಿಲ್ಲ. ನೂಲಿನ ಗಿರಣಿಯ ಮೊದಲ ಭೋಂಗಾ ಈಗಷ್ಟೇ ಕೂಗಿ ನಿಂತಿದೆ. ಶಮೀಮಳ ಅತ್ತೆ ಲಾಲಬಿ ಹೊಸ್ತಿಲ ಮೇಲೆ ಕೂತು ಹಲ್ಲು ತಿಕ್ಕುತ್ತಿದ್ದಾಳೆ.

"ಹೊಳೆವ್ವಾ, ಕಾಳ ನೋಡಿ ಗಂಡೋ ಹೆಣ್ಣೋ ಹೇಳಾಕ ಬರತೈತೇನ?"

"ಅದೂ ಬರತಿದ್ರ ನಾ ಯಾಕ ಗಿರಣಿಗೆ ಹೋಗ್ತಿದ್ನಿ, ಲಾಲಬಿ? ಗುಡಿ ಮುಂದ ಕುಂಡರತಿದ್ನಿ."

ಎಂಟು ಕಾಳು ಅಂದರೆ ಎಂಟು ತಿಂಗಳು. ಅಂದರೆ ಇವತ್ತೇ ಶಮೀಮಳ ಹೆರಿಗೆ ರಜೆಯ ಅರ್ಜಿ ಮ್ಯಾನೇಜರರ ಕೈ ಸೇರಬೇಕು. ಹೋದ ತಿಂಗಳು ಹೊಟ್ಟೆ ಕಂಡ ಇಬ್ಬರನ್ನು ಗೇಟಿನಲ್ಲೇ ತಡೆದು, ಕೆಲಸವಿಲ್ಲ ಎಂದು ತಿರುಗಿ ಕಳಿಸಿದ್ದಾರೆ. ಶಮೀಮ ಈವರೆಗೆ ಸಡಿಲ ಸೆರಗಿನ ಮರೆಯಲ್ಲಿ ದಿನ ನೂಕಿದ್ದಾಳೆ. ಇನ್ನು ಸೆರಗು ಸಾಲದು.

ವಯಸ್ಸು ಕೇಳಿದರೆ ಹೊಳೆವ್ವ "ಪ್ಲೇಗಿನ ವರ್ಷ ಹುಟ್ಟಿದಾಕಿ" ಎನ್ನುತ್ತಾಳೆ. ನಲವತ್ತರ ಆಸುಪಾಸು. ಗಿರಣಿಯಲ್ಲಿ ನೂಲಿನ ಲಡಿ ಸುತ್ತುವ ಖಾತೆಯಲ್ಲಿ ಇಪ್ಪತ್ತು ವರ್ಷ ನಿಂತೇ ದುಡಿದಿದ್ದಾಳೆ, ದಿನಕ್ಕೆ ಹತ್ತು ತಾಸು. ಖಾತೆಯಲ್ಲಿ ತೊಂಬತ್ತಾರು ಹೆಂಗಸರು. ಎರಡನೆಯ ಭೋಂಗಾ ಆಗುವುದರೊಳಗೆ ಆಕೆ ಮೂರು ಓಣಿ ಸುತ್ತಿ ಹತ್ತೊಂಬತ್ತು ಮನೆಗಳ ಬಾಗಿಲಲ್ಲಿ ನಿಲ್ಲುತ್ತಾಳೆ. ರೇಲ್ವೆ ಗೂಡ್ಸ್ ಶೆಡ್ಡಿನಲ್ಲಿ ಹಮಾಲನಾಗಿರುವ ಗಂಡ ದುರಗಪ್ಪನಿಗೆ ಇದು ದಿನದ ತಮಾಷೆ: "ಊರ ಮಂದಿ ಹೊಟ್ಟಿ ಎಣಸ್ತಾಳ್ರಿ. ಮನ್ಯಾಗಿನ ಹೊಟ್ಟಿ ಹಸದಿದ್ದು ಕಾಣೂದಿಲ್ಲ."

ಈ ಬರಹದಲ್ಲಿ ಗಿರಣಿಯ ಹೆಸರು ಬರೆಯಲೇ ಎಂದು ನಾನು ಕೇಳಿದರೆ ಆಕೆ ತಲೆ ಅಲ್ಲಾಡಿಸುತ್ತಾಳೆ. "ಒಂದರ ಹೆಸರ ಬರದ್ರ ಉಳದಾವು ನಗತಾವ್ರಿ. ಎಲ್ಲಾವೂ ಅಷ್ಟ."

ಹದಿನಾಲ್ಕು ವರ್ಷದ ಹಿಂದೆ ಹೊಳೆವ್ವ ಮಗಳು ರುಕ್ಮವ್ವನನ್ನು ಹಡೆದದ್ದು ಇದೇ ಗಿರಣಿಯ ಗೋದಾಮಿನಲ್ಲಿ, ಹತ್ತಿಯ ಚೀಲಗಳ ಮೇಲೆ. ಆ ಬೆಳಗ್ಗೆ ಬೇನೆ ಶುರುವಾಗಿತ್ತು. ಹೇಳಿದರೆ ದಿನದ ಕೂಲಿ ಹೋಗುತ್ತದೆಂದು ಹೇಳಿರಲಿಲ್ಲ. ಹದಿಮೂರನೆಯ ದಿನ ತಿರುಗಿ ಹೋದಾಗ ಹಾಜರಿ ಪುಸ್ತಕದಲ್ಲಿ ಆಕೆಯ ಹೆಸರೇ ಇರಲಿಲ್ಲ. "ಆರ ವರ್ಷ ದುಡದಾಕಿ, ಹೊಸಬಳಾಗಿ ಒಳಗ ಹೋದ್ನಿ. ಹೊಸಬರ ಪಗಾರ."

ಆಮೇಲೆ ಮುಂಬಯಿ ಸರಕಾರ ಹೆರಿಗೆಯ ಕಾಯಿದೆ ಮಾಡಿತು. ಹೆರಿಗೆಯ ಹಿಂದುಮುಂದಿನ ವಾರಗಳಿಗೆ ರಜೆ, ಆ ದಿನಗಳಿಗೆ ಗಿರಣಿಯಿಂದಲೇ ಭತ್ಯ. ಕಾಯಿದೆಯ ಸಾರವನ್ನು ಕನ್ನಡದಲ್ಲಿ ಹಲಗೆಯ ಮೇಲೆ ಬರೆಸಿ ಗೇಟಿನ ಪಕ್ಕ ತೂಗುಹಾಕಿದರು. ಹೆಂಗಸರು ವರ್ಷಗಟ್ಟಲೆ ಆ ಹಲಗೆಯ ನೆರಳಲ್ಲಿ ಕೂತು ರೊಟ್ಟಿ ತಿಂದರು. ಓದುವವರು ಒಬ್ಬರೂ ಇರಲಿಲ್ಲ. ನಾಲ್ಕು ವರ್ಷದ ಹಿಂದೆ ರುಕ್ಮವ್ವನ ಶಾಲೆಯ ಶಿಕ್ಷಕಿ ಲಕ್ಷ್ಮೀಬಾಯಿ ಆ ದಾರಿಯಲ್ಲಿ ಹೋಗುವಾಗ ನಿಂತು ಗಟ್ಟಿಯಾಗಿ ಓದಿದರು. ಹೆಂಗಸರು ಬಿದ್ದು ಬಿದ್ದು ನಕ್ಕರು.

"ಹಡಿಯಾಕೂ ರೊಕ್ಕ ಕೊಡತಾರಂತ! ಹಂಗಾರ ಗಿರಣಿ ನಮ್ಮ ತವರಮನಿ ಆತ ಬಿಡ್ರಿ ಅಕ್ಕೋರ!"

ನಗು ನಿಂತ ಮೇಲೆ ತೊಡಕು ಕಂಡಿತು. ಇನ್ನೊಂದು ತಿಂಗಳಲ್ಲಿ ಹಡೆಯುತ್ತೇನೆಂದು ಮುಂಚಿತವಾಗಿ ಬರೆದು ಕೊಡಬೇಕು. ಈ ಓಣಿಗಳಲ್ಲಿ ಬಸಿರಿನ ತಿಂಗಳನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ದೃಷ್ಟಿಯಾಗುತ್ತದೆ. "ಯಾರು ಯಾರು ಗರ್ಭಿಣಿಯರು ಇದ್ದೀರಿ?" ಎಂದು ಲಕ್ಷ್ಮೀಬಾಯಿ ಎಲ್ಲರ ಮುಂದೆ ಕೇಳಿಬಿಟ್ಟರು. ಮುದುಕಿಯರು ಅವರನ್ನು ಓಣಿಯ ತುದಿಯವರೆಗೆ ಬಯ್ಯುತ್ತ ಬಿಟ್ಟುಬಂದರು. ಸಾವಕ್ಕ ಎಂಬಾಕೆ ಯಾರಿಗೂ ಹೇಳದೆ ಗಬ್ಬೂರಿನ ತವರಿಗೆ ಹೋಗಿ ಹಡೆದು ಬಂದಳು. ಭತ್ಯವೂ ಇಲ್ಲ, ಕೆಲಸವೂ ಇಲ್ಲ.

ಸಾವಕ್ಕನ ಮನೆಯಿಂದ ತಿರುಗಿ ಬರುವಾಗ ಹೊಳೆವ್ವನಿಗೆ ಉಪಾಯ ಹೊಳೆಯಿತು. "ಬಾಯಿಲೆ ಹೇಳಿದ್ರ ದೃಷ್ಟಿ. ಕಾಳ ಕೊಟ್ರ? ಉಡಿ ತುಂಬಿಧಂಗ, ಶುಭ. ಅದಕ್ಕ ಯಾರ ಬ್ಯಾಡಂತಾರ?" ತಿಂಗಳಿಗೊಂದು ಕಾಳು, ಮುಚ್ಚಿದ ಮುಷ್ಟಿಯಲ್ಲಿ. ಮಾತಿಲ್ಲ. ಎಂಟಾದ ದಿನ ಅರ್ಜಿ. ಮೊದಲು ಲಕ್ಷ್ಮೀಬಾಯಿ ಬರೆಯುತ್ತಿದ್ದರು. ಈಗ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಓದುತ್ತಿರುವ ರುಕ್ಮವ್ವನೇ ಬರೆಯುತ್ತಾಳೆ. ಈವರೆಗೆ ಮೂವತ್ತೊಂದು ಅರ್ಜಿ. ಇಪ್ಪತ್ತೆಂಟು ಜನರಿಗೆ ಭತ್ಯ ಸಿಕ್ಕಿದೆ. ಕೂಸು ಕಟ್ಟಿಕೊಂಡು ಅವರೆಲ್ಲ ಹಳೆಯ ಜಾಗಕ್ಕೇ ಮರಳಿದ್ದಾರೆ. ಕಾಳಿನ ಸಂಗತಿ ಗಿರಣಿಗೆಲ್ಲ ಗೊತ್ತು. ಯಾರ ಮುಷ್ಟಿಯಲ್ಲಿ ಎಷ್ಟು ಎಂಬುದು ಹೊಳೆವ್ವನಿಗೆ ಮಾತ್ರ.

ಎಂಟು ಗಂಟೆಗೆ ಆಕೆ ಶಮೀಮಳನ್ನು ಕರೆದುಕೊಂಡು ಆಫೀಸಿನ ಮೆಟ್ಟಿಲು ಹತ್ತುತ್ತಾಳೆ. ಶಮೀಮ ನಡುವೆಯೇ ನಿಲ್ಲುತ್ತಾಳೆ.

"ಅಕ್ಕಾ, ಒಲ್ಲೆ ಅಂದ್ರ?"

"ಅಂದ್ರ ಅದನ್ನೂ ಬರಕೊಡ್ರಿ ಅನ್ನೂದು. ನಡಿ."

ಬಾಗಿಲು ತೆರೆದೇ ಇದೆ. ಒಳಗಿನ ಮಾತು ಹೊರಗಿನ ಬಾಕಿನವರೆಗೆ ಕೇಳುತ್ತದೆ. ಮ್ಯಾನೇಜರರು ಅರ್ಜಿಯನ್ನು ಎರಡು ಸಲ ಓದುತ್ತಾರೆ. ಶಮೀಮಳನ್ನು ನೋಡುತ್ತಾರೆ. ಪ್ರತಿಯ ಮೇಲೆ ತಾರೀಖು ಹಾಕಿ ಸಹಿ ಮಾಡುತ್ತಾರೆ. ಅಷ್ಟೇ. ಶಮೀಮ ಆ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ಹೊರಗೆ ಬರುತ್ತಾಳೆ. ನಗಬೇಕೋ ಅಳಬೇಕೋ ತಿಳಿಯದೆ ಗೋಡೆಗೆ ಒರಗುತ್ತಾಳೆ.

"ಹೊಳೆವ್ವಾ, ನೀ ನಿಂದ್ರು."

ಮ್ಯಾನೇಜರರ ಮಾತಿಗೆ ಹೊಳೆವ್ವ ನಿಲ್ಲುತ್ತಾಳೆ.

"ನಿಮ್ಮ ಖಾತೆದ ನಾಯಕೀಣ ಬರೂ ತಿಂಗಳ ಕೆಲಸ ಬಿಡತಾಳ. ಆ ಜಾಗಾ ನಿನಗ ಕೊಡಬೇಕಂತ ಮಾಡೇನಿ. ಲಡಿ ಸುತ್ತೂದ ಬ್ಯಾಡ. ಹೆಣ್ಣಾಳಗೋಳ ಮ್ಯಾಲೆ ನಿಗಾ ಇಟ್ರ ಸಾಕು."

ಮ್ಯಾನೇಜರರು ಶಮೀಮಳ ಅರ್ಜಿಯನ್ನು ಫೈಲಿಗೆ ಸೇರಿಸುತ್ತಾರೆ.

"ಯಾರು ಬಸುರಿ ಅಂತ ಎಲ್ಲಾರಕಿಂತ ಮೊದಲ ನಿನಗ ಗೊತ್ತಾಗತದ. ಮೂರನೇ ತಿಂಗಳದಾಗೋ ನಾಕನೇದಾಗೋ ನನಗೊಂದ ಮಾತ ಹೇಳಬೇಕು. ಇಷ್ಟ."

"ಹೇಳಿದ್ರ ನೀವೇನ ಮಾಡ್ತೀರಿ?"

"ಅದು ನನಗ ಸೇರಿದ್ದು."

"ಅರ್ಜಿ ಬರೂದರೊಳಗ ಕೆಲಸದಿಂದ ತಗೀತೀರಿ, ಭತ್ಯ ಉಳೀತೈತಿ."

ಮ್ಯಾನೇಜರರು ಲೇಖಣಿಯ ತುದಿ ಒರೆಸುತ್ತಾರೆ. "ಮಗಳನ್ನ ಧಾರವಾಡಕ್ಕ ಟ್ರೇನಿಂಗಿಗೆ ಕಳಸಬೇಕಂತೀಯಂತ. ಮಾಸ್ತರಿಣಿ ಆಗತಾಳ, ಛಲೋ ಆತು. ಈ ಪಗಾರದಾಗ ಹ್ಯಾಂಗ ಕಳಸ್ತಿ? ನಾಯಕೀಣ ಪಗಾರದಾಗ ಆಗತದ."

ಹೊಳೆವ್ವ ಒಂದು ಕ್ಷಣವೂ ತಡೆಯಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ತಡೆಯುತ್ತಾಳೆ. ಇಪ್ಪತ್ತು ವರ್ಷ ನಿಂತ ಕಾಲುಗಳ ಮೇಲೆ ಭಾರ ಬದಲಿಸುತ್ತಾಳೆ.

"ಒಲ್ಲೆನ್ರಿ."

"ಗಡಿಬಿಡಿ ಮಾಡಬ್ಯಾಡ. ಎರಡ ದಿನ ವಿಚಾರ ಮಾಡಿ ಹೇಳು."

"ಎರಡ ದಿನಾನೂ ಒಲ್ಲೆನ್ರಿ, ಸಾಹೇಬ್ರ."